ಮೂವತ್ತೇಳರ ಚಿನ್ನ, ಅಂಬಿಗನಿಗೆ ಮುಚ್ಚಿದ ಬಾಗಿಲು

ಮುದ್ದೇಬಿಹಾಳ ತಾಲೂಕಿನ ಕೃಷ್ಣಾ ದಂಡೆಯ ಊರು ನಂದು. ವಯಸ್ಸು ಮೂವತ್ತೆಂಟು. ಬೆಳಿಗ್ಗೆ ಓಡೋಕೆ ಹೋದರೆ ಚಹಾದಂಗಡಿ ಮುಂದೆ ಕುಂತವರು ನಗ್ತಾರೆ, ಈ ವಯಸ್ಸಿನಾಗ ಯಾವ ಕಪ್ ಗೆಲ್ಲೋದೈತಿ ಅಂತ ಕೇಳ್ತಾರೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ಗೆಳೆಯರದೂ ಇದೇ ಕಥೆ. ಕಾಲೇಜು ಮುಗಿದರೆ ಆಟ ಮುಗೀತು, ವಯೋಮಿತಿ ದಾಟಿದರೆ ನೌಕರಿ ಅರ್ಜಿಯೂ ಮುಗೀತು.

ಹಂಗಾಗಿಯೇ ನನಗೆ ಇಂಗ್ಲೆಂಡಿನ ಜ್ಯಾಕ್ ಬೆರೆಸ್‌ಫರ್ಡ್ ಬದುಕು ಹಿಡಿಸಿತು. ಐದು ಒಲಿಂಪಿಕ್ಸ್, ಐದರಲ್ಲೂ ಪದಕ. ಕೊನೆಯ ಚಿನ್ನ ಮೂವತ್ತೇಳನೇ ವಯಸ್ಸಿನಲ್ಲಿ, ಅದೂ ಹಿಟ್ಲರನ ಕಣ್ಣೆದುರು. ಆದರೆ ಆ ಬದುಕನ್ನು ಪೂರ್ತಿ ಓದಿದ ಮೇಲೆ ಖುಷಿಯ ಜೊತೆ ಸಿಟ್ಟೂ ಬಂತು. ಯಾಕೆ ಅಂತ ಹೇಳ್ತೀನಿ.

ಬೆರೆಸ್‌ಫರ್ಡ್ ಹುಟ್ಟಿದ್ದು 1899ರ ಜನವರಿ 1ರಂದು. ಅಪ್ಪ ಜೂಲಿಯಸ್ ಪೋಲೆಂಡ್ ಮೂಲದ ಮನೆತನದವರು, ಪೀಠೋಪಕರಣ ತಯಾರಿಸುವ ಉದ್ಯಮಿ. ಅವರೂ ಹುಟ್ಟು ಹಾಕಿದವರೇ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ನಲವತ್ನಾಲ್ಕರ ವಯಸ್ಸಲ್ಲಿ ಬೆಳ್ಳಿ ಗೆದ್ದಿದ್ದರು. ಅಂದರೆ ನಲವತ್ತು ದಾಟಿದ ಮೇಲೂ ದೋಣಿ ಹತ್ತಬಹುದು ಅನ್ನೋದು ಆ ಹುಡುಗನಿಗೆ ಮನೆಯಲ್ಲೇ ಸಿಕ್ಕ ಪಾಠ.

ಜ್ಯಾಕ್‌ಗೆ ರಗ್ಬಿ ಹುಚ್ಚು. ಮೊದಲ ಮಹಾಯುದ್ಧದಲ್ಲಿ ಕಾಲಿಗೆ ಗಾಯವಾಗಿ ರಗ್ಬಿ ನಿಂತಿತು. ಕಾಲು ಸುಧಾರಿಸಲಿ ಅಂತ ಸಣ್ಣ ದೋಣಿಯಲ್ಲಿ ಹುಟ್ಟು ಹಾಕತೊಡಗಿದ. ಅಲ್ಲಿಂದ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವನಾಗಿ ಬಂದದ್ದೂ ಅದೇ ಕೂಟದಲ್ಲಿ. ಒಬ್ಬಂಟಿ ದೋಣಿಯ ಫೈನಲ್‌ನಲ್ಲಿ ಬೆರೆಸ್‌ಫರ್ಡ್ ಅಮೆರಿಕದ ಜಾನ್ ಕೆಲಿಗೆ ಸೋತದ್ದು ಒಂದೇ ಒಂದು ಸೆಕೆಂಡಿನಿಂದ.

ಈ ಕೆಲಿ ಇಟ್ಟಿಗೆ ಕಟ್ಟಿ ಮೇಲೆ ಬಂದವನು. ಅದೇ ವರ್ಷ ಇಂಗ್ಲೆಂಡಿನ ಪ್ರತಿಷ್ಠಿತ ಹೆನ್ಲಿ ಸ್ಪರ್ಧೆ ಅವನ ಅರ್ಜಿಯನ್ನು ವಾಪಸ್ ಕಳಿಸಿತ್ತು. ಅವನ ಕ್ಲಬ್ಬಿನ ಮೇಲೆ ಹಳೆಯ ನಿಷೇಧವೊಂದಿತ್ತು. ಅದಕ್ಕಿಂತ ದೊಡ್ಡದು ಕೈಕೆಲಸದ ನಿಯಮ: ಕೂಲಿಗೆ ದುಡಿಯುವ ಕುಶಲಕರ್ಮಿ, ಕಾರ್ಮಿಕ ಯಾರೂ ಹವ್ಯಾಸಿ ಹುಟ್ಟುಗಾರ ಅಲ್ಲ. ಮೈಮುರಿದು ದುಡಿದು ತೋಳು ಗಟ್ಟಿಯಾಗಿದ್ದರೆ ಅದು ಮೋಸದ ಲಾಭ ಅನ್ನೋ ತರ್ಕ! ಕೆಲಿ ಬಯಸಿದ್ದ ಹೆನ್ಲಿಯ ಡೈಮಂಡ್ ಸ್ಕಲ್ಸ್ ಆ ವರ್ಷ ಬೆರೆಸ್‌ಫರ್ಡ್ ಕೈಸೇರಿತು. ಆಮೇಲೆ ಮತ್ತೂ ಮೂರು ಬಾರಿ ಅದನ್ನು ಗೆದ್ದ.

1924ರ ಪ್ಯಾರಿಸ್‌ನಲ್ಲಿ ಮೊದಲ ಸುತ್ತಲ್ಲೇ ಸೋತು, ಇನ್ನೊಂದು ಅವಕಾಶದ ಸುತ್ತಿನಿಂದ ಎದ್ದು ಬಂದು, ಸೋಲಿಸಿದ್ದ ಗಿಲ್ಮೋರ್‌ನನ್ನೇ ಫೈನಲ್‌ನಲ್ಲಿ ಹಿಂದೆ ಹಾಕಿ ಚಿನ್ನ ಗೆದ್ದ. 1928ರಲ್ಲಿ ಎಂಟು ಮಂದಿಯ ದೋಣಿಯಲ್ಲಿ ಬೆಳ್ಳಿ, 1932ರಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ.

ಆಮೇಲೆ 1936ರ ಬರ್ಲಿನ್. ಗ್ರೂನೌ ಸರೋವರದಲ್ಲಿ ಫೈನಲ್ ದಿನ ಮೊದಲ ಐದು ಸ್ಪರ್ಧೆಗಳನ್ನೂ ಜರ್ಮನಿಯೇ ಗೆದ್ದಿತ್ತು. ಆರನೆಯದು ಇಬ್ಬರ ದೋಣಿ. ಬೆರೆಸ್‌ಫರ್ಡ್ ಮತ್ತು ಡಿಕ್ ಸೌತ್‌ವುಡ್ ಆರಂಭದಲ್ಲಿ ಹಿಂದೆ ಬಿದ್ದರು. ಗಾಬರಿಯಾಗಲಿಲ್ಲ, ಲಯ ಬಿಡಲಿಲ್ಲ. ಎರಡು ಸಾವಿರ ಮೀಟರಿನ ಕೊನೆಯ ಭಾಗದಲ್ಲಿ ಜರ್ಮನ್ ಜೋಡಿ ಬಳಲಿದಾಗ ಮುಂದೆ ಹೋದರು. ಗೆಲುವಿನ ಅಂತರ ಐದು ಸೆಕೆಂಡಿಗಿಂತ ಹೆಚ್ಚು.

ಇದು ಪವಾಡವಲ್ಲ. ತರಬೇತಿ ಬಿಟ್ಟವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಮೂವತ್ತರ ನಂತರ ದಶಕಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಬಿಡದೆ ಗಟ್ಟಿ ತರಬೇತಿ ಮಾಡುವವರಲ್ಲಿ ಅದು ಅರ್ಧದಷ್ಟಕ್ಕೆ ನಿಲ್ಲಬಹುದು. ದಣಿವು ಆರಲು ಹೆಚ್ಚು ದಿನ ಬೇಕು, ಆದ್ದರಿಂದ ವಿಶ್ರಾಂತಿಯೂ ತರಬೇತಿಯೇ. ಹುಟ್ಟು ಹಾಕೋದರಲ್ಲಿ ಹೆಚ್ಚಿನ ಬಲ ಬರೋದು ಕಾಲಿಂದ, ಆದರೂ ಓಟದ ಹಾಗೆ ಮೊಣಕಾಲಿಗೆ ಪೆಟ್ಟು ಬೀಳಲ್ಲ. ಇವತ್ತು ಹಿರಿಯರ ರೋಯಿಂಗ್ ಸ್ಪರ್ಧೆಗಳು 27ನೇ ವಯಸ್ಸಿಂದ ಶುರುವಾಗಿ, ತಂಡದ ಸರಾಸರಿ ವಯಸ್ಸಿನ ಮೇಲೆ ವರ್ಗ ಮಾಡಿ, ಎಂಬತ್ತರವರೆಗೂ ನಡೆಯುತ್ತವೆ. ಬೆರೆಸ್‌ಫರ್ಡ್ ಕೂಡ 1939ರಲ್ಲಿ, ನಲವತ್ತರಲ್ಲಿ, ಸೌತ್‌ವುಡ್ ಜೊತೆ ಹೆನ್ಲಿಯಲ್ಲಿ ಇಟಲಿಯ ಜೋಡಿಯ ಸಮಸಮ ಗುರಿ ಮುಟ್ಟಿದ. ಆಮೇಲೆ ಯುದ್ಧ ಬಂತು, 1940ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಆತ ತೀರಿಕೊಂಡಿದ್ದು 1977ರಲ್ಲಿ.

ಈಗ ಸಿಟ್ಟಿನ ವಿಷಯಕ್ಕೆ ಬರ್ತೀನಿ. ಬರ್ಲಿನ್‌ಗೆ ಆ ಜೋಡಿಯನ್ನು ಸಿದ್ಧಪಡಿಸಿದವನು ಎರಿಕ್ ಫೆಲ್ಪ್ಸ್. ಥೇಮ್ಸ್ ನದಿಯ ಅಂಬಿಗ ಮನೆತನದವನು. ಬೆರೆಸ್‌ಫರ್ಡ್‌ಗಿಂತ ಚಿಕ್ಕವನು, ಸ್ವತಃ ಚಾಂಪಿಯನ್. ಆದರೆ ಹುಟ್ಟು ಹಾಕೋದು ಅವನ ಹೊಟ್ಟೆಪಾಡು. ಹಾಗಾಗಿ ಒಲಿಂಪಿಕ್ಸ್ ಅವನಿಗಿಲ್ಲ. ಕಲಿಸಬಹುದು, ಕೂರೋ ಹಾಗಿಲ್ಲ. ಹೆನ್ಲಿ ಕೈಕೆಲಸದ ನಿಯಮ ಕೈಬಿಟ್ಟಿದ್ದು 1937ರಲ್ಲಿ, ಅದೂ ಹಿಂದಿನ ವರ್ಷ ಆಸ್ಟ್ರೇಲಿಯಾದ ಪೊಲೀಸರ ಒಲಿಂಪಿಕ್ ತಂಡವನ್ನು ಹೊರಗಿಟ್ಟು ಮುಖಭಂಗವಾದ ಮೇಲೆ.

ಬೆರೆಸ್‌ಫರ್ಡ್ ಶ್ರಮ ಸುಳ್ಳಲ್ಲ. ಆದರೆ ಹದಿನಾರು ವರ್ಷ ಮೈ ಕಾಯ್ದುಕೊಳ್ಳೋಕೆ ಬೇಕಾದ ಬಿಡುವನ್ನು ಕೊಟ್ಟದ್ದು ಅಪ್ಪನ ವ್ಯಾಪಾರ. ವಯಸ್ಸು ಎಲ್ಲರಿಗೂ ಆಗ್ತದೆ, ಬಿಡುವು ಕೆಲವರಿಗೆ ಮಾತ್ರ ಸಿಗ್ತದೆ.

ಬಸವನ ಬಾಗೇವಾಡಿ ಬಸವಣ್ಣ ಹುಟ್ಟಿದ ನೆಲ. ಆ ಕಾಲದ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ವಚನಗಳ ಅಂಕಿತ ಮಾಡಿಕೊಂಡ. ಯಾವ ಕೆಲಸ ಅವನಿಗೆ ಹೆಮ್ಮೆಯ ಸಹಿಯಾಗಿತ್ತೋ, ಅದೇ ಕೆಲಸ ಏಳು ಶತಮಾನದ ನಂತರ ಇಂಗ್ಲೆಂಡಿನಲ್ಲಿ ಅನರ್ಹತೆ ಆಯ್ತು.

ನಮ್ಮೂರಲ್ಲಿ ಅಂಬಿಗರ ಕಾಕಾ ಒಬ್ಬರಿದ್ದರು. ಅರವತ್ತು ದಾಟಿದ ಮೇಲೂ ಮಳೆಗಾಲದಾಗ ಹರಿಗೋಲಿನಲ್ಲಿ ಮಂದಿಯನ್ನ, ಜೋಳದ ಚೀಲಗಳನ್ನ ಆಚೆ ದಂಡೆಗೆ ಮುಟ್ಟಿಸ್ತಿದ್ದರು. ಅವರ ವೇಗ ಯಾರೂ ಅಳೆಯಲಿಲ್ಲ, ಅವರನ್ನ ಯಾರೂ ಕ್ರೀಡಾಪಟು ಅನ್ನಲಿಲ್ಲ. ನಾಲ್ಕೂ ತಾಲೂಕಿನಲ್ಲಿ ನಲವತ್ತು ದಾಟಿದ ರೈತ, ಹಮಾಲ, ಅಂಗನವಾಡಿ ಅಕ್ಕ ಬೆಳಿಗ್ಗೆ ಒಂದು ತಾಸು ಮೈದಾನಕ್ಕೆ ಬರೋ ಹಾಗಾಗಬೇಕು. ಅದಕ್ಕೆ ಮೈದಾನವೂ ಬೇಕು, ಆ ಒಂದು ತಾಸೂ ಬೇಕು. ಮುಂದಿನ ಸಲ ಓಟು ಕೇಳೋಕೆ ಬಂದವರ ಹತ್ರ ನಾನು ಇದನ್ನೇ ಕೇಳ್ತೀನಿ. ಅಲ್ಲಿತನಕ ಚಹಾದಂಗಡಿಯವರು ನಗಲಿ, ನಾನು ಓಡ್ತೀನಿ.