ಉಸಿರಾಟದ ವ್ಯಾಯಾಮ ಫ್ಲೂ ತಡೆಯಿತೇ? ಜೋಸೆಫ್ ಪಿಲಾಟೀಸ್ ಕಥೆಯಲ್ಲಿ ನಿಜವೆಷ್ಟು?

1918ರ ಫ್ಲೂ ಕೋಟ್ಯಂತರ ಜನರನ್ನು ಬಲಿ ಪಡೆದಾಗ ಒಬ್ಬ ವ್ಯಾಯಾಮ ಶಿಕ್ಷಕರ ಶಿಷ್ಯರಲ್ಲಿ ಒಬ್ಬರೂ ಸಾಯಲಿಲ್ಲವಂತೆ! ಈ ಕಥೆ ಜಾಲತಾಣಗಳಲ್ಲಿ ಆಗಾಗ ಹರಿದಾಡುತ್ತದೆ. ಆ ಶಿಕ್ಷಕರು ಜೋಸೆಫ್ ಪಿಲಾಟೀಸ್. ಫಾರ್ವರ್ಡ್ ಮಾಡುವ ಮುನ್ನ ಅವರ ಬದುಕನ್ನೊಮ್ಮೆ ನೋಡೋಣ.

1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಪಿಲಾಟೀಸ್ ಬಾಲ್ಯದಲ್ಲಿ ಅಸ್ತಮಾದಿಂದ ಬಳಲಿದರು. ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್ ಕಲಿತು ದೇಹವನ್ನು ಗಟ್ಟಿ ಮಾಡಿಕೊಂಡರು. ಮೊದಲ ಮಹಾಯುದ್ಧ ಶುರುವಾದಾಗ ಅವರು ಇಂಗ್ಲೆಂಡಿನಲ್ಲಿದ್ದರು. ಶತ್ರು ದೇಶದವರೆಂದು ಅವರನ್ನು ಬಂಧಿಸಿ, ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಇರಿಸಲಾಯಿತು. ಅಲ್ಲಿ ಅವರು ಜೊತೆಗಿದ್ದ ಬಂಧಿಗಳಿಗೆ ವ್ಯಾಯಾಮ ಕಲಿಸಿದರು. ಫ್ಲೂ ಕಥೆ ಹುಟ್ಟಿದ್ದು ಇಲ್ಲಿಂದಲೇ. ಆದರೆ ಅದನ್ನು ದೃಢಪಡಿಸುವ ದಾಖಲೆ ಇಲ್ಲ. ಫ್ಲೂ ಬರುವುದು ವೈರಾಣುವಿನಿಂದ; ಉಸಿರಾಟದ ವ್ಯಾಯಾಮ ವೈರಾಣುವನ್ನು ಕೊಲ್ಲುವುದಿಲ್ಲ.

1920ರ ದಶಕದಲ್ಲಿ ಅವರು ನ್ಯೂಯಾರ್ಕ್ ಸೇರಿದರು. ಸಂಗಾತಿ ಕ್ಲಾರಾ ಜೊತೆ ನಡೆಸಿದ ವ್ಯಾಯಾಮಶಾಲೆಗೆ ಹೆಸರಾಂತ ನೃತ್ಯಗಾರರೂ ಬರುತ್ತಿದ್ದರು. ಉಸಿರನ್ನು ಪೂರ್ತಿಯಾಗಿ ಹೊರಬಿಡಬೇಕು ಎಂಬುದು ಅವರ ಪಾಠದ ತಿರುಳು.

ಈ ಪಾಠದಲ್ಲಿ ಹುರುಳಿದೆ. ನ್ಯುಮೋನಿಯಾ, ಕೋವಿಡ್‌ನಂಥ ಕಾಯಿಲೆಯಿಂದ ವಾರಗಟ್ಟಲೆ ಮಲಗಿದವರಲ್ಲಿ ವಪೆ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸೊರಗುತ್ತವೆ. ವ್ಯಾಯಾಮದಿಂದ ಆ ಸ್ನಾಯುಗಳು ಮತ್ತೆ ಬಲಗೊಳ್ಳುತ್ತವೆ, ಏದುಸಿರು ಕಡಿಮೆಯಾಗುತ್ತದೆ. ಆದರೆ ನಾಶವಾದ ಗಾಳಿಚೀಲಗಳು ಇದರಿಂದ ಹೊಸದಾಗಿ ಬೆಳೆಯುವುದಿಲ್ಲ.

ಸುಲಭ ವಿಧಾನ ಹೀಗಿದೆ: ನೆಟ್ಟಗೆ ಕುಳಿತು ಭುಜ ಸಡಿಲಿಸಿ. ಎರಡು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದುಕೊಳ್ಳಿ. ಬಿಸಿ ಕಾಫಿ ಆರಿಸುವಾಗ ಮಾಡುವಂತೆ ತುಟಿ ಕಿರಿದಾಗಿಸಿ, ನಾಲ್ಕು ಎಣಿಸುವವರೆಗೆ ನಿಧಾನವಾಗಿ ಬಿಡಿ. ಹೀಗೆ ಬಿಟ್ಟರೆ ಶ್ವಾಸನಾಳಗಳು ಹೆಚ್ಚು ಹೊತ್ತು ತೆರೆದಿದ್ದು, ಒಳಗೆ ಉಳಿದ ಗಾಳಿ ಹೊರಬರಲು ಅನುಕೂಲವಾಗುತ್ತದೆ. ಜ್ವರವಿದ್ದರೆ ಆರಂಭಿಸಬೇಡಿ. ತಲೆ ಸುತ್ತಿದರೆ ನಿಲ್ಲಿಸಿ. ಎದೆನೋವು ಬಂದರೆ, ತುಟಿ ನೀಲಿಗಟ್ಟಿದರೆ, ಕುಳಿತಲ್ಲೇ ಉಸಿರು ಸಿಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಫಾರ್ವರ್ಡ್‌ಗಳು ಬಿಟ್ಟುಬಿಡುವ ಸಂಗತಿ ಇನ್ನೊಂದಿದೆ. ಉಸಿರಿನ ಪಾಠ ಹೇಳಿದ ಪಿಲಾಟೀಸ್ ಸಿಗಾರ್ ಸೇದುತ್ತಿದ್ದರು. ಕೊನೆಗಾಲದಲ್ಲಿ ಅವರನ್ನು ಕಾಡಿದ್ದು ಎಂಫಿಸೆಮಾ, ಅಂದರೆ ಗಾಳಿಚೀಲಗಳೇ ಹಾಳಾಗುವ ಕಾಯಿಲೆ. 1967ರಲ್ಲಿ, 83ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹಾಗಾಗಿ ನಾವು ಹೇಳುವುದಿಷ್ಟೇ: ಚೇತರಿಸಿಕೊಳ್ಳುವಾಗ ಉಸಿರಾಟದ ವ್ಯಾಯಾಮ ಒಳ್ಳೆಯ ಆಸರೆ. ಅದು ಲಸಿಕೆಗೂ ಔಷಧಿಗೂ ಬದಲಿಯಲ್ಲ. ಹೊಗೆ ಮಾಡುವ ಹಾನಿಯನ್ನು ಅಳಿಸುವುದೂ ಇಲ್ಲ.