ಬೀದಿಯ ಬಾಲಕರ ಕೈಗೆ ಕಸುಬು ಕೊಟ್ಟ ಬರ್ನಾರ್ಡೊ

ಪೂರ್ವ ಲಂಡನ್ನಿನ ರೀಜೆಂಟ್ಸ್ ಕಾಲುವೆಯ ದಡದಲ್ಲಿ ಹಳೆಯ ಗೋದಾಮುಗಳ ಸಾಲೊಂದಿದೆ. 1877ರಲ್ಲಿ ಥಾಮಸ್ ಬರ್ನಾರ್ಡೊ ಕಡುಬಡವರ ಮಕ್ಕಳಿಗಾಗಿ ಉಚಿತ ಶಾಲೆ ತೆರೆದದ್ದು ಅಲ್ಲಿಯೇ. ಈಗ ಅದು ವಸ್ತುಸಂಗ್ರಹಾಲಯ. ಊರಿನಿಂದ ಬರುವ ಬಂಧುಗಳಿಗೆ ಅರಮನೆಗಿಂತ ಮೊದಲು ಇದನ್ನು ತೋರಿಸಬೇಕೆಂಬುದು ನನ್ನ ಆಸೆ.

1845ರಲ್ಲಿ ಡಬ್ಲಿನ್ನಿನಲ್ಲಿ ಜನಿಸಿದ ಬರ್ನಾರ್ಡೊ, ಚೀನಾಕ್ಕೆ ಧರ್ಮಪ್ರಚಾರಕರಾಗಿ ತೆರಳುವ ಸಂಕಲ್ಪದಿಂದ 1866ರಲ್ಲಿ ಲಂಡನ್ನಿಗೆ ಬಂದು ವೈದ್ಯಕೀಯ ವ್ಯಾಸಂಗಕ್ಕೆ ತೊಡಗಿದರು. ಆ ವರ್ಷ ಕಾಲರಾ ಪೂರ್ವ ಲಂಡನ್ನನ್ನು ಹಿಂಡಿತ್ತು. ಚಳಿಯಲ್ಲಿ ಮಾಡುಗಳ ಮೇಲೆ ಮಲಗುತ್ತಿದ್ದ ಬಾಲಕರನ್ನು ಕಂಡ ಅವರಿಗೆ ಚೀನಾ ದೂರವಾಯಿತು.

1870ರಲ್ಲಿ ಸ್ಟೆಪ್ನಿಯಲ್ಲಿ ಬಾಲಕರ ವಸತಿಗೃಹ ಆರಂಭವಾಯಿತು. ಅನ್ನ, ಹಾಸಿಗೆ ಕೊಟ್ಟು ಅವರು ಸುಮ್ಮನಾಗಲಿಲ್ಲ. ಬಡಗಿತನ, ಬ್ರಷ್ ತಯಾರಿಕೆ, ಬೂಟು ಹೊಲಿಗೆಗಳಿಗೆ ಕಾರ್ಯಾಗಾರಗಳನ್ನು ಕಟ್ಟಿಸಿದರು. ಕಸುಬು ತಿಳಿಯದೆ ಹೊರಬಿದ್ದ ಹುಡುಗನಿಗೆ ಮತ್ತೆ ಬೀದಿಯೇ ಗತಿಯೆಂಬುದನ್ನು ಅವರು ಅರಿತಿದ್ದರು. ವೈದ್ಯನಾದ ನನಗೆ ಒಂದು ಸಂಗತಿ ಮಾತ್ರ ಒಪ್ಪಿಗೆಯಾಗದು: ಅರ್ಹತೆ ಪಡೆಯುವ ಮುನ್ನವೇ ಅವರು ಡಾಕ್ಟರ್ ಎನಿಸಿಕೊಂಡಿದ್ದರು. ಎಡಿನ್‌ಬರೋದಲ್ಲಿ ಪರೀಕ್ಷೆ ಮುಗಿಸಿದ್ದು 1876ರಲ್ಲಿ.

ವಿದೇಶಕ್ಕೆ ಹೊರಡಲು ಸಲಹೆ ಕೇಳುವ ತರುಣರಿಗೆ ನಾನು ಈ ಕಥೆಯ ಮತ್ತೊಂದು ಭಾಗವನ್ನೂ ಹೇಳುತ್ತೇನೆ. 1882ರಿಂದ ಬರ್ನಾರ್ಡೊ ಮಕ್ಕಳನ್ನು ತಂಡತಂಡವಾಗಿ ಕೆನಡಾಕ್ಕೆ ಕಳುಹಿಸಿದರು; ಕೆಲವರನ್ನು ಹೆತ್ತವರ ಒಪ್ಪಿಗೆಯೂ ಇಲ್ಲದೆ. ಅಲ್ಲಿ ಬಹುಮಂದಿಗೆ ದೊರೆತದ್ದು ಹೊಲದ ದುಡಿಮೆ, ಮನೆಗೆಲಸ. ಕೆಲವರು ನೆಲೆ ಕಂಡುಕೊಂಡರು, ಕೆಲವರು ಏಟು ತಿಂದು ಬೆಳೆದರು.

1905ರಲ್ಲಿ ಬರ್ನಾರ್ಡೊ ನಿಧನರಾದಾಗ ಅವರ ಗೃಹಗಳ ಆಶ್ರಯದಲ್ಲಿ 8,000ಕ್ಕೂ ಹೆಚ್ಚು ಮಕ್ಕಳಿದ್ದರು. ಹೀಗೆ ಹೊರದೇಶಗಳಿಗೆ ಸಾಗಿಸಲ್ಪಟ್ಟ ಮಕ್ಕಳ ಕ್ಷಮೆಯನ್ನು ಬ್ರಿಟಿಷ್ ಸರ್ಕಾರ ಯಾಚಿಸಿದ್ದು 2010ರಲ್ಲಿ.