ಪದ್ಮಿನಿ ಕಾರಿನ ಎಂಜಿನ್ ವಂಶದಿಂದಲೇ ರೇಸ್ ಕಾರು ಕಟ್ಟಿದ್ದ ಡಾಂಟೆ ಜಿಯಾಕೋಸಾ

ಸೆಪ್ಟೆಂಬರ್‌ನಲ್ಲಿ ವಿಶ್ವಕರ್ಮ ಪೂಜೆ ಬಂತೆಂದರೆ ಕೋಲ್ಕತ್ತಾದ ಕಾಳಿಘಾಟ್‌ನ ಗ್ಯಾರೇಜ್‌ಗಳಲ್ಲಿ ಸ್ಪ್ಯಾನರ್, ಜಾಕ್‌ಗಳಿಗೆ ರಜೆ. ನಮ್ಮ ಆಯುಧಪೂಜೆಯಂತೆ ಅಲ್ಲಿ ಉಪಕರಣಗಳಿಗೆ ಹೂವು, ಕುಂಕುಮ. ಹತ್ತಿರದ ಉತ್ತರಪಾರಾದಲ್ಲೇ ತಯಾರಾಗುತ್ತಿದ್ದ ಅಂಬಾಸಿಡರ್ ಈ ನಗರವನ್ನು ದಶಕಗಳ ಕಾಲ ಆಳಿತು. ಅದಕ್ಕೆ ದೇಶದೆಲ್ಲೆಡೆ ಪೈಪೋಟಿ ಕೊಟ್ಟಿದ್ದು ಫಿಯೆಟ್, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಕಾರು.

ಆ ಫಿಯೆಟ್‌ನ 1089 ಸಿಸಿ ಎಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗಳು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟು. ಆದರೆ ಅದೇ ವಂಶದ ಎಂಜಿನ್ ಇಟ್ಟುಕೊಂಡು ಇಟಲಿಯಲ್ಲಿ ರೇಸ್ ಕಾರು ಕಟ್ಟಿದ ಎಂಜಿನಿಯರ್ ಡಾಂಟೆ ಜಿಯಾಕೋಸಾ ಅವರ ಹೆಸರು ಇಲ್ಲಿ ಕೇಳಿದವರು ಕಡಿಮೆ.

ಸಣ್ಣ ಕಾರುಗಳ ದೊಡ್ಡ ಎಂಜಿನಿಯರ್

ಜಿಯಾಕೋಸಾ ಹುಟ್ಟಿದ್ದು 1905ರ ಜನವರಿ 3ರಂದು, ರೋಮ್‌ನಲ್ಲಿ. ಟ್ಯೂರಿನ್‌ನ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಿ 1928ರಲ್ಲಿ ಫಿಯೆಟ್ ಸೇರಿದರು. 1936ರಲ್ಲಿ ಅವರ ಕೈಯಿಂದ ಬಂದ ಫಿಯೆಟ್ 500 'ಟೋಪೋಲಿನೊ' ಎಂಬ ಅಡ್ಡಹೆಸರಿನಿಂದ ಮನೆಮಾತಾಯಿತು. ಹಾಗೆಂದರೆ ಪುಟ್ಟ ಇಲಿ. ಅದರ ಎಂಜಿನ್ ಬರೀ 569 ಸಿಸಿ.

ಮರುವರ್ಷವೇ ಬಂದಿದ್ದು ಫಿಯೆಟ್ 508ಸಿ. 68 ಮಿ.ಮೀ ಬೋರ್, 75 ಮಿ.ಮೀ ಸ್ಟ್ರೋಕ್, 1089 ಸಿಸಿ, ಶಕ್ತಿ 32 ಅಶ್ವಶಕ್ತಿ. ಕುಟುಂಬದ ಓಡಾಟಕ್ಕೆಂದು ಮಾಡಿದ ಈ ಎಂಜಿನ್‌ನ ಇನ್ನೊಂದು ಮುಖ ಹೊರಬಂದಿದ್ದು ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ.

ಸೈಕಲ್ ಕೊಳವೆ, ಫಿಯೆಟ್ ಎಂಜಿನ್

ಬಾಂಬ್ ದಾಳಿಗೆ ಟ್ಯೂರಿನ್ ನಲುಗಿತ್ತು. ಉಕ್ಕಿಗೂ ಬರ, ಹಣಕ್ಕೂ ಬರ. ಆಗ ಉದ್ಯಮಿ ಪಿಯೆರೊ ಡೂಸಿಯೊ ಅಗ್ಗದ ರೇಸ್ ಕಾರು ಬೇಕೆಂದು ಜಿಯಾಕೋಸಾ ಬಳಿ ಬಂದರು. ಫಿಯೆಟ್‌ನ ಕೆಲಸದ ಜೊತೆಗೇ ಜಿಯಾಕೋಸಾ ಅದರ ನಕ್ಷೆ ಹಾಕಿದರು. ಹೊಸ ಎಂಜಿನ್ ಮಾಡುವ ಗೋಜಿಗೆ ಹೋಗಲಿಲ್ಲ. ಕೈಯಲ್ಲಿದ್ದ 1100 ಎಂಜಿನ್ ಅನ್ನೇ ಹುರಿಗೊಳಿಸಿದರು. ಕಂಪ್ರೆಷನ್ ಏರಿತು, ಶಕ್ತಿ ಸುಮಾರು 60 ಅಶ್ವಶಕ್ತಿಗೆ ಮುಟ್ಟಿತು. ಎಣ್ಣೆಗೆ ಎಂಜಿನ್ ಅಡಿಯ ತಟ್ಟೆಯ ಬದಲು ಪ್ರತ್ಯೇಕ ಟ್ಯಾಂಕ್ ಬಂತು. ಇದರಿಂದ ಎಂಜಿನ್ ಇನ್ನಷ್ಟು ಕೆಳಗೆ ಕೂತಿತು, ವೇಗದ ತಿರುವಿನಲ್ಲೂ ಎಣ್ಣೆ ಒಂದು ಬದಿಗೆ ಸರಿದು ಎಂಜಿನ್ ಒಣಗುವ ಭಯ ತಪ್ಪಿತು.

ನಿಜವಾದ ಜಾಣ್ಮೆ ಇದ್ದದ್ದು ಚೌಕಟ್ಟಿನಲ್ಲಿ. ಡೂಸಿಯೊ ಅವರ ಕಂಪನಿ ಸೈಕಲ್ ಕೂಡ ತಯಾರಿಸುತ್ತಿತ್ತು. ಭಾರದ ಚಾಸಿಯ ಬದಲು ಸೈಕಲ್‌ನಂತೆ ತೆಳು ಉಕ್ಕಿನ ಕೊಳವೆಗಳನ್ನು ಬೆಸೆದು ಜಿಯಾಕೋಸಾ ಜಾಲರಿಯಂಥ ಚೌಕಟ್ಟು ಮಾಡಿದರು. ಮುಂದಿನ ಸಸ್ಪೆನ್ಷನ್ ಟೋಪೋಲಿನೊದ್ದು. ಒಟ್ಟು ತೂಕ 400 ಕೆ.ಜಿ. ಆಸುಪಾಸು. ಹೀಗೆ ಹುಟ್ಟಿದ್ದೇ ಸಿಸಿಟಾಲಿಯಾ ಡಿ46.

1946ರ ಸೆಪ್ಟೆಂಬರ್‌ನಲ್ಲಿ ಟ್ಯೂರಿನ್‌ನ ಕೊಪ್ಪಾ ಬ್ರೆಜ್ಜಿ ರೇಸ್‌ನಲ್ಲಿ ಈ ಕಾರುಗಳು ಮೊದಲ ಬಾರಿಗೆ ಕಣಕ್ಕಿಳಿದವು. ದಿಗ್ಗಜ ಚಾಲಕ ಟಾಜಿಯೊ ನುವೊಲಾರಿ ಓಡಿಸುತ್ತಿದ್ದ ಕಾರಿನ ಸ್ಟೀರಿಂಗ್ ಚಕ್ರವೇ ಕಳಚಿ ಕೈಗೆ ಬಂತು! ಉಳಿದ ಸ್ಟೀರಿಂಗ್ ಕಂಬಿ ಹಿಡಿದೇ ಅವರು ಕಾರನ್ನು ಪಿಟ್‌ಗೆ ತಂದರು. ರೇಸ್ ಗೆದ್ದಿದ್ದು ಸ್ವತಃ ಡೂಸಿಯೊ, ಅದೂ ಡಿ46ರಲ್ಲೇ.

ಮ್ಯೂಸಿಯಂ ಸೇರಿದ ಕಾರು

ಮುಂದಿನ ಕಾರು ಸಿಸಿಟಾಲಿಯಾ 202. ಜಿಯಾಕೋಸಾ ಆರಂಭಿಸಿದ ಈ ಕೆಲಸವನ್ನು ಜೊವಾನ್ನಿ ಸಾವೊನುಜ್ಜಿ ಮುಂದುವರಿಸಿದರು. ಎಂಜಿನ್ ಮಾತ್ರ ಅದೇ 1100ರ ವಂಶದ್ದು. 1947ರಲ್ಲಿ ಸುಮಾರು 1,800 ಕಿ.ಮೀ ದೂರದ ಮಿಲೆ ಮಿಲಿಯಾ ರೇಸ್‌ನಲ್ಲಿ 54ರ ನುವೊಲಾರಿ ಇದರಲ್ಲಿ ಎರಡನೇ ಸ್ಥಾನ ಪಡೆದರು. ಅವರನ್ನು ಹಿಂದಿಕ್ಕಿದ್ದು 2.9 ಲೀಟರ್‌ನ ಆಲ್ಫಾ ರೋಮಿಯೊ. ಪಿನಿನ್ ಫರೀನಾ ರೂಪಿಸಿದ 202ರ ಕೂಪೆ 1951ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನ ಪ್ರದರ್ಶನಕ್ಕೂ ಹೋಯಿತು. ಸಿಸಿಟಾಲಿಯಾ ಕಂಪನಿಗೆ ಮಾತ್ರ ಆಯುಸ್ಸು ಇರಲಿಲ್ಲ. ಪೋರ್ಶೆ ತಂಡದಿಂದ ಮಾಡಿಸಿದ ಗ್ರ್ಯಾನ್ ಪ್ರಿ ಕಾರಿನ ಖರ್ಚು ಅದನ್ನು ಮುಳುಗಿಸಿತು.

ಜಿಯಾಕೋಸಾ ಮತ್ತೆ ಜನಸಾಮಾನ್ಯರ ಕಾರುಗಳತ್ತ ಹೊರಳಿದ್ದರು. 1953ರಲ್ಲಿ ಹೊಸ 1100, 1955ರಲ್ಲಿ ಫಿಯೆಟ್ 600, 1957ರಲ್ಲಿ ಹೊಸ 500 ಬಂದವು. 1959ರಲ್ಲಿ ಈ 500 ಕಾರಿಗಾಗಿ ಇಟಲಿಯ ಪ್ರತಿಷ್ಠಿತ ವಿನ್ಯಾಸ ಪ್ರಶಸ್ತಿ 'ಕೊಂಪಾಸೊ ದೊರೊ' ಒಲಿಯಿತು. ಎಂಜಿನ್ ಅಡ್ಡಲಾಗಿ ಇಟ್ಟು ಗೇರ್‌ಬಾಕ್ಸ್ ಅನ್ನು ಅದರ ತುದಿಗೆ ಜೋಡಿಸಿ ಮುಂದಿನ ಚಕ್ರಗಳನ್ನು ತಿರುಗಿಸುವ ವಿಧಾನವನ್ನೂ ಅವರು 1964ರ ಆಟೊಬಿಯಾಂಕಿ ಪ್ರಿಮುಲಾದಲ್ಲಿ ತಂದರು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಸಣ್ಣ ಕಾರುಗಳದ್ದು ಇದೇ ಜೋಡಣೆ.

ಆ 1953ರ ಮಾದರಿಯೇ ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್ ಮೂಲಕ ಭಾರತಕ್ಕೆ ಬಂದು ಕೊನೆಗೆ ಪದ್ಮಿನಿಯಾಯಿತು. 1996ರ ಮಾರ್ಚ್ 31ರಂದು ಟ್ಯೂರಿನ್‌ನಲ್ಲಿ ಜಿಯಾಕೋಸಾ ಕಣ್ಮುಚ್ಚಿದಾಗ ಅವರಿಗೆ 91 ವರ್ಷ. ಇಟಲಿ ಎಂದೋ ಕೈಬಿಟ್ಟಿದ್ದ ಆ 68–75ರ ಎಂಜಿನ್ ಹೊತ್ತ ಕಾರುಗಳು ಆಗಲೂ ಮುಂಬೈನಲ್ಲಿ ತಯಾರಾಗುತ್ತಿದ್ದವು.